ಜಗಳವಿಲ್ಲದ ಭಾಷೆ

ನೌಕರಿಗಂತ ಧಾರವಾಡ ಬಿಟ್ಟು ಪುಣೆಗೆ ಬಂದಾಗ ನನ್ನ ಬಾಡಿಗೆ ಕೋಣೆಯ ಮಾಲೀಕರು ಒಬ್ಬ ನಿವೃತ್ತ ಮರಾಠಿ ಮಾಸ್ತರರು. ಅವರಿಗೆ ಎಸ್ಪೆರಾಂತೊ ಅನ್ನೋ, ಬೇಕಂತ ಕಟ್ಟಿದ ಹೊಸ ಭಾಷೆಯ ಹುಚ್ಚು. ಅದು ಯಾರ ತಾಯ್ನುಡಿಯೂ ಅಲ್ಲ, ಹಿಂಗಾಗಿ ಜಗತ್ತಿನ ಜಗಳವೆಲ್ಲ ಅದರಿಂದ ನಿಲ್ಲತಾವ ಅಂತ ಅವರ ನಂಬಿಕಿ. ದಿನಾ ಸಂಜೆ ಅಟ್ಟದ ಮ್ಯಾಲಿನ ಕೋಣೆಯೊಳಗ ನನಗೂ ಓಣಿಯ ನಾಕೈದು ಮಂದಿಗೂ ಪಾಠ. ಹೊಸ್ತಿಲು ದಾಟಿ ಒಳಗ ಬಂದರ ಬ್ಯಾರೆ ಭಾಷೆ ಆಡುವಂತಿಲ್ಲ.

ಒಂದಿನ ನಾನು ನೀರು ಭಾಳ ಚೆಲ್ತೀನಂತ ಅವರು ನನ್ನ ನಲ್ಲಿ ಬಂದ್ ಮಾಡಿದರು. ಸ್ನಾನ ಇಲ್ಲದೇ ಆಫೀಸಿಗೆ ಹೋಗಿ ಬಂದವ, ಕುದಿಯುತ್ತ ಪಾಠಕ್ಕ ಕೂತೆ. ನಮ್ಮ ಪುಸ್ತಕದಾಗ ಒಂದು ಬೈಗುಳಾನೂ ಇರಲಿಲ್ಲ.

"ಸಹೋದರಾ, ನೀರು ಇಲ್ಲ" ಅಂದೆ, ಹೊಸ ಭಾಷೆಯೊಳಗ.

"ಉಚ್ಚಾರ ಬಹಳ ಸುಂದರ, ಸಹೋದರಾ!" ಅಂತ ಅವರೂ ಅದರಾಗ ಹೊಗಳಿದರು.

ಎದ್ದು ಹೊಸ್ತಿಲಾಚೆ ನಿಂತು, "ಮಾಸ್ತರ, ಹೊರಗ ಬರ್ರಿ!" ಅಂತ ಕೂಗಿದೆ. ಬಂದರು. ಅವರು ಮರಾಠಿಯೊಳಗ, ನಾನು ಕನ್ನಡದಾಗ, ಮನಸಾರೆ ಬೈದಾಡಿದಿವಿ. ಅವರಿಗೆ ಕನ್ನಡ ಬರೂದಿಲ್ಲ, ಆದರೂ ಒಂದು ಶಬ್ದಾನೂ ಪೋಲಾಗಲಿಲ್ಲ. ಗಂಟಲು ಒಣಗಿದ ಮ್ಯಾಲೆ ಒಳಗ ಬಂದು ಮತ್ತ ಸಹೋದರರಾದಿವಿ.

ಮಾಸ್ತರರು ಉಳಿದವರ ಕಡೆ ತಿರುಗಿ, "ನೋಡಿದಿರಾ? ಈ ಭಾಷೆಯಲ್ಲಿ ಯಾರೂ ಜಗಳಾಡುವುದಿಲ್ಲ" ಅಂದರು.

ಆ ಮಾತು ಖರೇನ. ಆದರ ಮರುದಿನ ನಲ್ಲಿಯೊಳಗ ನೀರು ಬಂದದ್ದು ಹೊಸ್ತಿಲಾಚೆಯ ಭಾಷೆಯಿಂದ.