ಮುರಿಗೆಪ್ಪನ ಬಲಗೈ

ನಮ್ಮ ಅಂಗಡಿಯ ಡ್ರೈವರ್ ಮುರಿಗೆಪ್ಪ ಒಂದೇ ಕೈಯಲ್ಲಿ ಗಾಡಿ ನಡೆಸುತ್ತಿದ್ದ. ಬಲಗೈ ಬಾಗಿಲು ಹಿಡಿದುಕೊಳ್ಳಲು ಬೇಕಾಗಿತ್ತು. ಎಡಗೈ ಗೇರಿಗೆ ಹೋದಾಗ ಸ್ಟೇರಿಂಗನ್ನು ಮೊಣಕಾಲು ನೋಡಿಕೊಳ್ಳುತ್ತಿತ್ತು. ಪಕ್ಕದಲ್ಲಿ ಕೂತ ನಾನು ಆಗ ಕಣ್ಣು ಮುಚ್ಚಿಕೊಂಡು ಸಹಕರಿಸುತ್ತಿದ್ದೆ.

ಅಂಗಡಿ ಮುಂಬಯಿಯ ದಾದರಿನಲ್ಲಿ, ನೀಲಕಂಠಪ್ಪ ಸಾವಕಾರರದು. ಬಿಜಾಪುರದ ಕಡೆಯಿಂದ ಅಗಸೆ ಎಣ್ಣೆ ತರಿಸಿ ಬಣ್ಣದವರಿಗೆ, ಬಡಿಗೇರರಿಗೆ ಮಾರುತ್ತಿದ್ದರು. ಎಣ್ಣೆ ಡಬ್ಬಿ ಹೊರುವ ಪಿಕಪ್ ಗಾಡಿ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದು. ನಾನು ಕಾರಕೂನ. ಧಾರವಾಡದಲ್ಲಿ ಇಂಟರ್‌ಗೆ ವಿಜ್ಞಾನ ತೆಗೆದುಕೊಂಡಿದ್ದೆ, ವಿಜ್ಞಾನ ನನ್ನನ್ನು ತೆಗೆದುಕೊಳ್ಳಲಿಲ್ಲ. ಆದರೂ ಅಂಗಡಿಯಲ್ಲಿ ಸ್ಕ್ರೂ ಇರುವ ವಸ್ತು ಯಾವುದು ಕೆಟ್ಟರೂ ಅದು ನನ್ನ ಪಾಲಿಗೇ ಬರುತ್ತಿತ್ತು.

ಬಾಗಿಲಿನ ಕತೆ ಶುರುವಾದದ್ದು ಹಿಂದಿನ ಮಳೆಗಾಲದಲ್ಲಿ. ಪರೇಲಿನ ಸೇತುವೆ ಹತ್ತಿರ ಗಾಡಿ ತಿರುಗುವಾಗ ಮುರಿಗೆಪ್ಪನ ಬಾಗಿಲು ತೆರೆದುಕೊಂಡು, ಆತ ಅರ್ಧ ಹೊರಗೆ ಹೋಗಿ ವಾಪಸು ಬಂದ. ಮನೆಯಲ್ಲಿ ಅದನ್ನು ತಮಾಷೆಯಾಗಿ ಹೇಳಿದ. ಹೆಂಡತಿ ಚಂದ್ರವ್ವ ನಗಲಿಲ್ಲ. ಮುಂದಿನ ಸೋಮವಾರದಿಂದ ಆಕೆ ಸ್ನಾನ ಮಾಡಿ, ಚಾಳಿನಿಂದ ಇಳಿದು ಬಂದು, ರಾತ್ರಿ ಕೆಳಗೆ ನಿಲ್ಲಿಸಿದ್ದ ಗಾಡಿಯ ಬಾಗಿಲಿನ ಕೀಲಿಗೆ ಮೂರು ಬೆರಳು ವಿಭೂತಿ ಹಚ್ಚತೊಡಗಿದಳು. ದೇವರ ಕೆಲಸ ಅರ್ಧಂಬರ್ಧ ಆಗಬಾರದೆಂದು ಕೀಲಿಯ ಬಾಯೊಳಗೂ ತುಂಬುತ್ತಿದ್ದಳು. ನಾನು ಶನಿವಾರ ಶನಿವಾರ ಅದೇ ಬಾಯಿಗೆ ನಮ್ಮ ಅಂಗಡಿಯದೇ ಎಣ್ಣೆ ಬಿಡುತ್ತಿದ್ದೆ. ಹೀಗೆ ಧರ್ಮ, ವಿಜ್ಞಾನ ಎರಡೂ ಸೇರಿ ಕಾಪಾಡಿದರೂ ಕೀಲಿ ದಿನದಿನಕ್ಕೆ ಕೆಡುತ್ತ ಹೋಯಿತು.

ಮುರಿಗೆಪ್ಪನ ಕೈ ಸದಾ ಹೊರಗೆ ಕಾಣುವುದರಿಂದ, ಈತ ಬಲಕ್ಕೆ ತಿರುಗುತ್ತಾನೆಂದು ಹಿಂದಿನವರು ತಿಳಿಯುತ್ತಿದ್ದರು. ಒಬ್ಬ ಸೈಕಲ್ಲಿನವ ದಾದರಿನಿಂದ ಪರೇಲಿನವರೆಗೆ ಕಾದು, ಕೊನೆಗೆ ಪಕ್ಕಕ್ಕೆ ಬಂದು, “ಕಬ್ ಮುಡೇಗಾ, ಭಾಯ್?” ಎಂದು ತಿರುಗುವ ಮುಹೂರ್ತ ಕೇಳಿದ. ಪಾಪ, ಸಿಟ್ಟೂ ಇರಲಿಲ್ಲ ಅವನಿಗೆ.

ಸಾವಕಾರರಿಗೆ ಮಾತ್ರ ಸಿಟ್ಟು ಬಂತು. ವರ್ಷಕ್ಕೊಮ್ಮೆ ಸರಕಾರದ ಸಾಹೇಬರು ಗಾಡಿ ಪರೀಕ್ಷೆ ಮಾಡಿ ಪಾಸು ಮಾಡಬೇಕು, ಆಗಲೇ ಅದು ರಸ್ತೆಗೆ ಇಳಿಯಬಹುದು.

“ಸೋಮವಾರ ಪಾಸಿಂಗ್ ಐತಿ,” ಎಂದರು. “ಬಾಗಲಾ ಸುದ್ದ ಆದ್ರ ಗಾಡಿ ಉಳೀತೈತಿ. ಇಲ್ಲಾಂದ್ರ ಹಳೇ ಕಬ್ಬಿಣದ ಮೋಡಕಾದವರಿಗೆ ಮಾರಿಬಿಡತೀನಿ. ಎಣ್ಣಿ ಕೈಗಾಡಿ ಮ್ಯಾಲ ಹೋಗಲಿ.”

ಮುರಿಗೆಪ್ಪ ಬಹಳ ವರ್ಷ ಇದೇ ಅಂಗಡಿಯಲ್ಲಿ ಡಬ್ಬಿಗಳ ನಡುವೆ ಮಲಗಿದವ. ಕಳೆದ ವರ್ಷವಷ್ಟೇ ಪರೇಲಿನ ಚಾಳಿನಲ್ಲಿ ಒಂದು ಖೋಲಿ ಹಿಡಿದು ಚಂದ್ರವ್ವನನ್ನು ಊರಿನಿಂದ ಕರೆತಂದಿದ್ದ.

“ಗಾಡಿ ಹೋದ್ರ ಖೋಲಿ ಹೋಗತೈತಿ. ಖೋಲಿ ಹೋದ್ರ ಆಕಿ ಊರಿಗೆ ಹೋಗತಾಳ,” ಎಂದ ನನ್ನ ಹತ್ತಿರ. ಅಂಗೈ ಚಾಚಿ, “ತಂಬಾಕ ಐತೇನ್ರಿ?” ಎಂದ.

ಶನಿವಾರ ಪರೇಲಿನಲ್ಲಿ ಚೆನ್ನಯನ ಕಾರಖಾನೆಗೆ ಎಣ್ಣೆ ಇಳಿಸಿದೆವು. ಚೆನ್ನಯ ಉಡುಪಿಯ ಕಡೆಯವ, ಕಿಟಕಿಗಳಿಗೆ ಗಾಜು ಕೂರಿಸುವುದು ಅವನ ಕೆಲಸ. ಅವನ ಅಂಗಳದಲ್ಲೇ ನಾನು ಸ್ಕ್ರೂಡ್ರೈವರ್ ತೆಗೆದೆ. ಮೊದಲು ಬಾಗಿಲು ತಿರುಗುವ ಬಿಜಾಗರಿ ಬಿಗಿ ಮಾಡಿದೆ. ಆಮೇಲೆ ಚೌಕಟ್ಟಿನ ಪಟ್ಟಿಯ ಹಿಂದೆ ತಗಡಿನ ಚೂರು ಸಿಗಿಸಿದೆ. ಮುರಿಗೆಪ್ಪ ಬಾಗಿಲು ತಳ್ಳಿ ನೋಡಿದ.

“ಸುಧಾರಿಸೈತಿ,” ಎಂದ. “ಮೊದಲ ಹಾಕಿದ್ರ ತೆರೀತಿತ್ತು. ಈಗ ಹಾಕಾಕs ಬರವಲ್ದು.”

ತಗಡು ಕಿತ್ತೆ. ಉಳಿದದ್ದು ಕೀಲಿಯ ನಾಲಿಗೆ. ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಸ್ಪ್ರಿಂಗು ಸತ್ತಿದೆ ಎಂದು ಘೋಷಿಸಿದೆ. ಕೀಲಿ ಬಿಚ್ಚಿದರೆ ಸ್ಪ್ರಿಂಗು ಬದುಕೇ ಇತ್ತು, ಸುತ್ತಲೂ ಬಿಳಿಯದೇನೋ ಹೂತುಕೊಂಡಿತ್ತು. ಮೊಳೆಯಿಂದ ಕೆದಕಿದೆ. ಹೊರಗೆ ಕಲ್ಲು, ಒಳಗೆ ಕಣಕದಂಥ ಒಂದು ಉಂಡೆ ಕೈಗೆ ಬಂತು.

ಚೆನ್ನಯ ಬಂದು ಅದನ್ನು ಬೆರಳಲ್ಲಿ ಹೊಸೆದು, ಮೂಸಿ ನೋಡಿದ. ಅವನ ಮುಖ ಬದಲಾಯಿತು.

“ಇದು ನಮ್ಮ ಪುಟ್ಟಿ ಅಲ್ವಾ? ಎಂತ ಮಾರಾಯ್ರೆ, ಎಣ್ಣೆ ಕೊಟ್ಟು ಪುಟ್ಟಿ ಕದಿಯುವುದಾ ನೀವು?”

“ಕದ್ದಿಲ್ಲರೀ, ಇದು ಕೀಲಿಯೊಳಗಿಂದ ಬಂತು.”

“ಕೀಲಿಯೊಳಗೆ ಪುಟ್ಟಿ ಹುಟ್ಟುತ್ತದಾ? ಸೀಮೆಸುಣ್ಣದ ಪುಡಿ, ನಿಮ್ಮ ಅಗಸೆ ಎಣ್ಣೆ, ಎರಡನ್ನೂ ನಾದಿದರೆ ಇದು. ಗಾಜಿಗೆ ಮೆತ್ತಿದರೆ ಮಗ ಮುದುಕ ಆದರೂ ಅಲ್ಲಾಡುವುದಿಲ್ಲ.”

ಅವನ ಹಿಂದೆ ಒಬ್ಬ ಕೂತು ಅದನ್ನೇ ನಾದುತ್ತಿದ್ದ. ವಾರ ವಾರವೂ ನಾದುತ್ತಿದ್ದ, ನಾನು ವಾರ ವಾರವೂ ನೋಡುತ್ತಿದ್ದೆ. ಮುರಿಗೆಪ್ಪ ಬಾಗಿಲ ಮೇಲಿನ ಮೂರು ಬಿಳಿ ಗೆರೆ ನೋಡಿದ, ನನ್ನ ಎಣ್ಣೆ ಡಬ್ಬಿ ನೋಡಿದ.

“ಆಕೀದು ಸುಣ್ಣದಂಥಾ ಈಬತ್ತಿ, ನಿಮ್ಮದು ಎಣ್ಣಿ,” ಎಂದ. “ಇಬ್ಬರೂ ಕೂಡಿ ನನ್ನ ರಸ್ತೇಕ ಕೆಡವಾವ್ರಿದ್ರಿ.”

ಕೀಲಿಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ತಿಕ್ಕಿ, ಮತ್ತೆ ಕೂರಿಸಿದೆವು. ನಾಲಿಗೆ ಜಿಗಿದು ಹೊರಗೆ ಬಂತು. ಬಾಗಿಲು ಟಕ್ ಎಂದು ಕೂತಿತು. ಮುರಿಗೆಪ್ಪ ತೆರೆದ, ಹಾಕಿದ, ಮತ್ತೆ ತೆರೆದ, ಮತ್ತೆ ಹಾಕಿದ.

“ಸಾಕು ಮಾರಾಯ್ರೆ, ಬಾಗಿಲಿಗೆ ಸುಸ್ತಾದೀತು,” ಎಂದ ಚೆನ್ನಯ. ನಮ್ಮ ಉಂಡೆಯನ್ನು ಅವನು ವಾಪಸು ಕೊಡಲಿಲ್ಲ.

ದಾರಿಯಲ್ಲಿ ಹೊಳೆಯಿತು: ಪಾಸಿಂಗ್ ಸೋಮವಾರ, ವಿಭೂತಿಯೂ ಸೋಮವಾರ.

“ಆಕೀಗೆ ನೀವs ಹೇಳ್ರಿ. ಓದಿದಾವ್ರು,” ಎಂದ ಮುರಿಗೆಪ್ಪ.

ಭಾನುವಾರವೆಲ್ಲ ಭಾಷಣ ತಯಾರಿಸಿದೆ. ಸೋಮವಾರ ಬೆಳಿಗ್ಗೆ ಚಂದ್ರವ್ವ ಬಟ್ಟಲು ಹಿಡಿದು ಚಾಳಿನಿಂದ ಇಳಿದು ಬಂದಳು.

“ಕಾಕು, ಇವತ್ತ ಕೀಲಿಗೆ ಬ್ಯಾಡ. ಪಾಸಿಂಗ್ ಸಾಹೇಬರಿಗೆ ಕೀಲಿ ಒಣಗಿರಬೇಕಂತ.”

“ಯಾಕೋ ತಮ್ಮಾ, ಅಂವಾ ನೆಕ್ಕಿ ನೋಡತಾನೇನು?”

ಭಾಷಣ ಅಲ್ಲಿಗೆ ಮುಗಿಯಿತು. ಮುರಿಗೆಪ್ಪ ಬಗ್ಗಿ ಟಾಯರು ಪರೀಕ್ಷಿಸತೊಡಗಿದ. ಚಂದ್ರವ್ವ ಕೀಲಿಯ ಹತ್ತಿರ ಮುಖ ತಂದು ಸೀಮೆಎಣ್ಣೆಯ ವಾಸನೆ ಹಿಡಿದಳು.

“ತೊಳದೀರಿ. ನಾ ತುಂಬಿದ್ದs ಒಳಗ ಹಿಡಕೊಂಡಿತ್ತು, ಹೌದಿಲ್ಲೋ?”

ಮುರಿಗೆಪ್ಪ ಇನ್ನೊಂದು ಟಾಯರಿಗೆ ಸರಿದ.

“ನಿನ್ನ ಎಣ್ಣೀನೂ ಇತ್ತೇನು?”

“ಇತ್ತು, ಕಾಕು.”

“ಹಂಗಾದ್ರ ನಾನೂ ಬಿಡತೀನಿ, ನೀನೂ ಬಿಡು. ಇದನ್ನ ಹೇಳಾಕ ಅಂವಾ ಟಾಯರಿನ್ಯಾಗ ಯಾಕ ಹೊಕ್ಕಾನ? ಏಳ್ರಿ ಮ್ಯಾಲ.”

ಮುರಿಗೆಪ್ಪ ಎದ್ದು ನಿಂತ. ಅವನ ಹಣೆಗೆ ಹಚ್ಚಿದಳು, ನನ್ನ ಹಣೆಗೂ ಹಚ್ಚಿದಳು. ಉಳಿದದ್ದರಲ್ಲಿ ಅವನ ಬಲಗೈ ಹಿಡಿದು ತೋಳಿಗೆ ಮೂರು ಗೆರೆ ಎಳೆದಳು.

“ಇಷ್ಟ ದಿನಾ ಬಾಗಲಾ ಹಿಡದದ್ದು ಇದು,” ಎಂದು ಮೇಲೆ ಹೋದಳು.

ಪಾಸಿಂಗ್ ಕಚೇರಿಯಲ್ಲಿ ಸಾಹೇಬರು ಬಾಗಿಲು ತೆರೆದು ಹಾಕಿ ನೋಡಿದರು. ಟಕ್. ಮುರಿಗೆಪ್ಪನ ಪಕ್ಕದಲ್ಲಿ ಕೂತು “ಚಲಾವ್” ಎಂದರು. ನಾನು ಹಿಂದೆ ಖಾಲಿ ಡಬ್ಬಿಗಳ ಜೊತೆ ಕೂತಿದ್ದೆ. ಗಾಡಿ ಹೊರಟ ತಕ್ಷಣ ಮುರಿಗೆಪ್ಪನ ಕೈ ತಾನಾಗಿ ಹೊರಗೆ ಬಂದು ಬಾಗಿಲನ್ನು ಗಟ್ಟಿಯಾಗಿ ಹಿಡಿಯಿತು. ಇನ್ನು ಮೊಣಕಾಲಿನ ಸರದಿ ಎಂದುಕೊಂಡು ನಾನು ರೂಢಿಯಂತೆ ಕಣ್ಣು ಮುಚ್ಚಿದೆ.

“ರೈಟ್ ಲೇವ್. ಹಾತ್ ದಿಖಾವ್!” ಬಲಕ್ಕೆ ತಿರುಗಲು ಕೈ ತೋರಿಸೆಂಬ ಸಾಹೇಬರ ದನಿ ಕೇಳಿ ಕಣ್ಣು ತೆರೆದೆ. ಕೈ ಇನ್ನೂ ಹಿಡಿದೇ ಇತ್ತು. ತಿರುವು ಬಂದೇಬಿಟ್ಟಿತು. ಆಗ ಬೆರಳುಗಳು ಒಂದೊಂದಾಗಿ ಸಡಿಲಾದವು. ಬಾಗಿಲು ಅಲ್ಲಾಡಲಿಲ್ಲ. ಮೂರು ಗೆರೆಯ ತೋಳು ರಸ್ತೆಯ ಮೇಲೆ ನೆಟ್ಟಗೆ ಚಾಚಿಕೊಂಡಿತು, ಗಾಡಿ ನಿಜವಾಗಿಯೂ ಬಲಕ್ಕೆ ತಿರುಗಿತು.

ಸಾಹೇಬರು ಪಾಸು ಮಾಡಿದರು. ಸಂಜೆ ಆ ಖೋಲಿಯಲ್ಲಿ ಚಂದ್ರವ್ವ ರೊಟ್ಟಿ ಬಡಿದು ನಮ್ಮಿಬ್ಬರಿಗೂ ಬಡಿಸಿದಳು. ಚಟ್ನಿಪುಡಿಗೆ ಎಣ್ಣೆ ಕೇಳಿದೆ. ತಾನೇ ಹಾಕಿ, ಡಬ್ಬಿಯನ್ನು ನನ್ನ ಕೈಗೆ ಸಿಗದಷ್ಟು ದೂರ ಇಟ್ಟಳು.