ಬಂಡೂರಿನ ನಳಿಗೆ, ದಸ್ತಗೀರನ ಗ್ಯಾರಂಟಿ

ಮಳವಳ್ಳಿಯ ಪೇಟೆಬೀದಿಯಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದ ದಸ್ತಗೀರನಿಗೆ ಒಂದು ಪದ್ಧತಿಯಿತ್ತು. ಕೆಲಸ ಮುಗಿದ ಬಂದೂಕನ್ನು ಅವನು ಅಂಗಡಿಯಲ್ಲೇ ಕೈಗಿಟ್ಟು ಕಳಿಸುತ್ತಿರಲಿಲ್ಲ. ಯಜಮಾನನನ್ನು ಕೆರೆ ಏರಿಯ ಹಿಂದಕ್ಕೆ ಕರೆದುಕೊಂಡು ಹೋಗಿ, ಅವನೆದುರಿಗೇ ತೋಟಾ ತುಂಬಿ, ಬಂದೂಕಿನ ಹಿಡಿಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಮೊದಲ ಗುಂಡನ್ನು ತಾನೇ ಹಾರಿಸುತ್ತಿದ್ದ. ಹೊಗೆ ಚದುರಿದ ಮೇಲೆ ಮುಖ ತಿರುಗಿಸಿ, ಅದು ಇದ್ದ ಹಾಗೇ ಇದೆಯೆಂದು ಯಜಮಾನನಿಗೆ ತೋರಿಸುತ್ತಿದ್ದ.

"ಕೆಲ್ಸ ಕೆಟ್ಟಿದ್ರೆ ನನ್ ಮೂತಿ ಓಯ್ತಿತ್ತು. ಓಗ್ಲಿಲ್ಲ. ತಕಂಡೋಗು."

ಅವನ ಗ್ಯಾರಂಟಿ ಅಂದರೆ ಇಷ್ಟೇ. ಅದಕ್ಕೆ ಬಾಲವೂ ಒಂದಿತ್ತು. ತಾನು ಮುಟ್ಟಿದ ಭಾಗ ಮತ್ತೆ ಕೆಟ್ಟರೆ ಬಂದೂಕನ್ನು ಹೊತ್ತು ತರಬೇಕಾಗಿಲ್ಲ, ಹೇಳಿ ಕಳಿಸಿದರೆ ಸಾಕು, ಚೀಲ ಹೆಗಲಿಗೇರಿಸಿಕೊಂಡು ತಾನೇ ಬರುತ್ತಿದ್ದ. ಬಂದವನು ಸುಮ್ಮನೆ ಕೆಲಸ ಮಾಡಿ ಹೋಗುವ ಪೈಕಿಯೂ ಅಲ್ಲ. ಒಮ್ಮೆ ಆತಗೂರಿನ ಪಟೇಲರ ಮನೆಗೆ ಮಳೆಯಲ್ಲಿ ನೆನೆದುಕೊಂಡು ಹೋಗಿ, ನಳಿಗೆಯಲ್ಲಿ ತುಕ್ಕು ಕಂಡು, "ಬಂದೂಕ್ನ ಈ ಪಾಡು ಮಾಡಿರೋ ಮನೆಗೆ ಯಾರಾದ್ರೂ ಎಣ್ ಕೊಡ್ತಾರಾ?" ಎಂದು ಪಟೇಲರ ಬೀಗರ ಎದುರಿಗೇ ಕೇಳಿದ್ದ. ಬೈಗುಳಕ್ಕೂ ಸೇರಿಸಿಯೇ ಕೂಲಿ ಕೊಡುತ್ತೇವೆಂದು ಜನ ನಗುತ್ತಿದ್ದರು. ಆದರೂ ಮಂಡ್ಯ, ಮದ್ದೂರಿನ ಕಡೆಯಿಂದಲೂ ಬಂದೂಕುಗಳು ಅವನ ಅಂಗಡಿಗೇ ಬರುತ್ತಿದ್ದವು. ಕಬ್ಬಿನ ಗದ್ದೆ ಹೆಚ್ಚಿದ ಕಾಲ, ಕಬ್ಬಿನ ಜೊತೆಗೆ ಹಂದಿಯೂ ಹೆಚ್ಚಿತ್ತು.

ಬಂಡೂರಿನ ಚಿಕ್ಕಣ್ಣ ಬಂದದ್ದು ಯುದ್ಧ ಶುರುವಾದ ಮೇಲೆ. ಅವನದು ಕುರಿ ಸಾಕುವ ಮನೆ. ಚಿರತೆಯ ಕಾಟಕ್ಕೆಂದು ಅವನಪ್ಪ ಬೆಂಗಳೂರಿನ ಅಂಗಡಿಯಿಂದ ಕೊಂಡಿದ್ದ ಒಂಟಿ ನಳಿಗೆಯ ಇಂಗ್ಲಿಷ್ ಬಂದೂಕು ಅದು. ಅದರ ಗುಂಡು ಹಾರಿಸುವ ಕೀಲಿನೊಳಗಿನ ಸ್ಪ್ರಿಂಗು ಮುರಿದು, ಕುದುರೆ ಎಳೆದರೆ ಸತ್ತ ಹಲ್ಲಿಯ ಹಾಗೆ ಜೋತುಬೀಳುತ್ತಿತ್ತು. ಚಿಕ್ಕಣ್ಣ ಮೊದಲು ಬೆಂಗಳೂರಿಗೇ ಹೋಗಿದ್ದ. ಅಂಗಡಿಯವರು ಮರ್ಯಾದೆಯಾಗಿಯೇ ಮಾತಾಡಿದ್ದರು. ಸ್ಪ್ರಿಂಗು ಕಂಪನಿಯಿಂದಲೇ ಬರಬೇಕು, ಯುದ್ಧ ಮುಗಿಯದೆ ಹಡಗಿಲ್ಲ. ಬೇರೆ ಯಾರಾದರೂ ಕೀಲು ಬಿಚ್ಚಿದರೆ ಕೀಲಿನ ಜವಾಬ್ದಾರಿ ಕಂಪನಿಯದಲ್ಲ. ನಳಿಗೆಯದು ಮಾತ್ರ ಎಂದೆಂದಿಗೂ ಕಂಪನಿಯದೇ.

"ಬಿಚ್ಚಿದ್ರೆ ಕಂಪ್ನಿ ಗ್ಯಾರಂಟಿ ಓಯ್ತದೆ ಕಣ್ಲಾ. ಯೋಚ್ನೆ ಮಾಡು" ಎಂದ ದಸ್ತಗೀರ್.

"ಚಿರ್ತೆಗೆ ಗ್ಯಾರಂಟಿ ಕಾಗ್ದ ಓದಕ್ ಬರಾಕಿಲ್ಲ ಸಾಬ್ರೆ. ಬಿಚ್ಚಿ."

ಹಳೆಯ ಮೋಟಾರು ಗಾಡಿಯ ಉಕ್ಕಿನ ಪಟ್ಟಿಯಿಂದ ದಸ್ತಗೀರ್ ಸ್ಪ್ರಿಂಗು ಮಾಡಿದ. ಕಾಸಿದ, ಬಡಿದ, ಎಣ್ಣೆಯಲ್ಲಿ ಅದ್ದಿದ, ಸರಿ ಬರಲಿಲ್ಲವೆಂದು ಎಸೆದ, ಮತ್ತೊಂದು ಮಾಡಿದ. ಕೆರೆ ಏರಿಯ ಹಿಂದೆ ಮೊದಲ ಗುಂಡು ಹಾರಿಸಿ ಕೆನ್ನೆ ತೋರಿಸಿದ. ಚಿಕ್ಕಣ್ಣ ಬಂದೂಕನ್ನು ಮಗುವಿನ ಹಾಗೆ ಎತ್ತಿಕೊಂಡು ಹೋದ.

ಮಾರನೆಯ ಬೇಸಿಗೆಯಲ್ಲಿ ಸುದ್ದಿ ಬಂತು. ಕುರಿ ರೊಪ್ಪದ ಬೇಲಿ ಹಾರಿದ ಚಿರತೆಗೆ ಚಿಕ್ಕಣ್ಣ ಗುಂಡು ಹೊಡೆದಾಗ ನಳಿಗೆ ಸಿಡಿದು ಎಡಗೈಯ ಎರಡು ಬೆರಳು ಹೋಗಿದ್ದವು. ಚಿರತೆಗೆ ಏನೂ ಆಗಿರಲಿಲ್ಲ. ಪೇಟೆಬೀದಿಯಲ್ಲಿ ಮಾತು ಹಬ್ಬಲು ಹೊತ್ತು ಬೇಕೇ? ಮೋಟಾರಿನ ತಗಡು ತಂದು ಬಂದೂಕಿಗೆ ಸೇರಿಸಿದರೆ ಇನ್ನೇನಾದೀತು ಎಂದರು. ನಿನ್ನೆಯವರೆಗೆ ಅವನ ಬೈಗುಳವನ್ನು ಮೆಚ್ಚುತ್ತಿದ್ದವರೇ ಈಗ ಅವನಿಗೆ ದುರಹಂಕಾರ ಎಂದರು. ಅಮಲ್ದಾರರು ಬಂದೂಕನ್ನು ತಾಲ್ಲೂಕು ಕಚೇರಿಗೆ ತರಿಸಿ, ವಿಚಾರಣೆಯಾಗುವವರೆಗೆ ದಸ್ತಗೀರ್ ಅಂಗಡಿ ತೆರೆಯಕೂಡದೆಂದರು. ತಪ್ಪು ಅವನದೆಂದು ಕಂಡರೆ ರಿಪೇರಿಯ ಲೈಸೆನ್ಸು ರದ್ದು. ಅವನಿಗೆ ಬೇರೆ ಕಸುಬು ಬರುತ್ತಿರಲಿಲ್ಲ.

ಕಚೇರಿಯಲ್ಲಿ ಬಂದೂಕನ್ನು ನೋಡಲು ಬಿಟ್ಟರು. ಕೀಲು ಅಲುಗಿರಲಿಲ್ಲ. ಸ್ಪ್ರಿಂಗು ತಾನು ಕೂರಿಸಿದ ಹಾಗೇ ಕೂತಿತ್ತು. ಸಿಡಿದದ್ದು ನಳಿಗೆಯ ಮುಂಭಾಗ, ಬಾಳೆಹಣ್ಣಿನ ಸಿಪ್ಪೆಯಂತೆ ಬಿಚ್ಚಿಕೊಂಡಿತ್ತು. ಸೀಳಿನ ಒಳಗೆ ಬೆರಳಾಡಿಸಿದಾಗ ಸುಟ್ಟ ಮಣ್ಣಿನ ಹೆಕ್ಕಳಿಕೆ ಸಿಕ್ಕಿತು. ಮಣ್ಣು ಕಟ್ಟಿಕೊಂಡ ನಳಿಗೆಯಲ್ಲಿ ಗುಂಡು ಹೊಡೆದರೆ ಅದು ಸಿಡಿಯದೆ ಇರದು. ಆದರೆ ನಳಿಗೆಯಲ್ಲಿ ಮಣ್ಣು ಎಲ್ಲಿಂದ ಬಂತು?

ಕೆಟ್ಟ ಬಂದೂಕಿನ ಮನೆಗೆ ತಾನೇ ಹೋಗುವುದು ಅವನ ಪದ್ಧತಿಯಾದ್ದರಿಂದ ಅಂದೇ ಬಂಡೂರಿಗೆ ನಡೆದ. ಚಿಕ್ಕಣ್ಣ ಇನ್ನೂ ಆಸ್ಪತ್ರೆಯಲ್ಲಿದ್ದ. ಮನೆಯಲ್ಲಿ ಅವನ ತಾಯಿ ಸಣ್ಣತಾಯಮ್ಮ, ಹೆಂಡತಿ ಚಿಕ್ಕಬೋರಮ್ಮ ಇಬ್ಬರೇ. ಮದುವೆಯಾಗಿ ಬಹಳ ವರ್ಷ ಮಕ್ಕಳಿಲ್ಲದೆ ಹರಕೆ ಹೊತ್ತು ಹೊತ್ತು ಸೊರಗಿದ್ದ ಚಿಕ್ಕಬೋರಮ್ಮ ಈಗ ತುಂಬಿದ ಹೊಟ್ಟೆಯಲ್ಲಿ ರಾಗಿ ಕೇರುತ್ತ ಕೂತಿದ್ದಳು.

"ಬಂದೂಕ ಎಲ್ಲಿ ಮಡಗ್ತಿದ್ರವ್ವ?"

ಸಣ್ಣತಾಯಮ್ಮ ಗೋಡೆಯ ಗೂಟ ತೋರಿಸಿದಳು. ಗೂಟದ ಸುತ್ತ, ತೊಲೆಯ ಉದ್ದಕ್ಕೆ, ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡುಗಳಿದ್ದವು. ಒಂದನ್ನೂ ಒಡೆದಿರಲಿಲ್ಲ. ಒಂದೊಂದಕ್ಕೂ ಕುಂಕುಮ ಇಟ್ಟಿತ್ತು. ದಸ್ತಗೀರನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕುಂಬಾರ ಹುಳ ಮನೆಯೊಳಗೆ ಗೂಡು ಕಟ್ಟಿದರೆ ಆ ಮನೆಯಲ್ಲಿ ತೊಟ್ಟಿಲು ಕಟ್ಟುತ್ತಾರೆ ಎಂಬ ನಂಬಿಕೆ ಅವನ ಮನೆಯಲ್ಲೂ ಇತ್ತು.

"ನಳಿಗೇಲೂ ಕಟ್ಟಿತ್ತಾ?" ಎಂದು ಮೆಲ್ಲಗೆ ಕೇಳಿದ.

ಸಣ್ಣತಾಯಮ್ಮ ಸೊಸೆಯ ಕಡೆ ನೋಡಿ, ಅವನನ್ನು ಹಟ್ಟಿಯ ಹೊರಗೆ ಕರೆದುಕೊಂಡು ಬಂದಳು.

"ಕಟ್ಟಿತ್ತು ಸಾಬ್ರೆ. ಉಳ ಒಳಕ್ಕೋಗಿ ಬತ್ತಿದ್ದುದ್ನ ನಾನೇ ಕಂಡಿದ್ದೆ. ಆಗ್ತಾನೆ ಬೋರಿಗೆ ಮುಟ್ಟು ನಿಂತಿತ್ತು. ಒಡುದ್ರೆ ಎಲ್ಲಿ ಏನಾಯ್ತದೋ ಅಂತ ಸುಮ್ಕಿದ್ದೆ."

"ಚಿಕ್ಕಣ್ಣುಂಗೆ ಒಂದ್ಮಾತು ಯೋಳ್ಬಾರ್ದಾಗಿತ್ತಾ?"

"ಯೋಳಿದ್ರೆ ಕಡ್ಡಿ ಆಕಿ ಕಿತ್ತಾಕ್ಬುಡ್ತಿದ್ದ." ಅವಳು ಸೆರಗು ಬಾಯಿಗೆ ಹಿಡಿದಳು. "ಈಗ ನೀವು ಯೋಳಿದ್ರೆ ಊರೋರು ಏನಂತಾರೆ ಗೊತ್ತಾ? ಉಟ್ಟೋಕೆ ಮುಂಚೆ ಅಪ್ಪನ ಬೆಳ್ಳ ತಿಂತು ಅಂತಾರೆ. ಆ ಎಸ್ರು ಕೂಸಿಗೆ ಅಂಟ್ಕಂಡ್ರೆ ಸಾಯೋಗಂಟ ಬುಡಾಕಿಲ್ಲ. ನಿಮ್ ಕಾಲಿಗ್ ಬೀಳ್ತೀನಿ."

"ನನ್ ಲೈಸೆನ್ಸು ಓದ್ರೆ ನನ್ ಮನೆ ಮಂದಿ ಏನ್ ತಿನ್ನಾದು? ನಿಮ್ ಉಳಾನ?"

ದಸ್ತಗೀರ್ ಯಾವ ಮಾತೂ ಕೊಡದೆ ಹೊರಟುಬಿಟ್ಟ. ದಾರಿಯುದ್ದಕ್ಕೂ ಮುದುಕಿಯನ್ನೂ ಹುಳವನ್ನೂ ಒಟ್ಟಿಗೇ ಬೈದುಕೊಂಡ. ಅವನಿಗೆ ಹೆದರಿಕೆಯಾಗಿತ್ತು. ಹೆದರಿದಾಗಲೆಲ್ಲ ಬೈಯುವುದು ಅವನ ಜಾಯಮಾನ.

ಮನೆಯಲ್ಲಿ ಹೆಂಡತಿ ಅಖ್ತರ್ ಬೇಗಂ ಎಲ್ಲವನ್ನೂ ಕೇಳಿಸಿಕೊಂಡು, ಒಲೆಯ ಬೂದಿ ಸರಿಸುತ್ತ ಒಂದೇ ಮಾತು ಕೇಳಿದಳು.

"ನೀವು ಗ್ಯಾರಂಟಿ ಕೊಟ್ಟಿದ್ದು ಯಾವುದಕ್ಕೆ?"

"ಕೀಲಿಗೆ."

"ಹಂಗಾದ್ರೆ ಕೀಲಿನ ಮಾತು ಆಡ್ಕೊಂಡು ಬನ್ನಿ. ಬೇರೆಯೋರ ಮನೆ ತೊಟ್ಟಿಲ ಮಾತು ನಿಮಗ್ಯಾಕೆ?"

ವಿಚಾರಣೆಯ ದಿನ ಮಣ್ಣಿನ ಹೆಕ್ಕಳಿಕೆ ಅವನ ಅಂಗಿಯ ಜೇಬಿನಲ್ಲೇ ಇತ್ತು. ಬೇಕಾದರೆ ತೆಗೆದಿಡೋಣ ಎಂದುಕೊಂಡೇ ಹೋಗಿದ್ದ. ಕಚೇರಿಯ ಜಗಲಿಯ ಮೇಲೆ ಚಿಕ್ಕಣ್ಣ ಬಟ್ಟೆ ಸುತ್ತಿದ ಕೈ ಎದೆಗೊತ್ತಿಕೊಂಡು, ಇನ್ನೇನು ಮನೆಯಲ್ಲಿ ಹೆರಿಗೆ ಎಂದು ಜವಾನನಿಗೆ ಹೇಳಿಕೊಂಡು ಹಲ್ಲು ಕಿರಿಯುತ್ತಿದ್ದ. ಬೆರಳು ಹೋದದ್ದು ಅವನಿಗೆ ಮರೆತೇಹೋದಂತಿತ್ತು. ದಸ್ತಗೀರನ ಕೈ ಜೇಬಿಗೆ ಹೋಗಲಿಲ್ಲ.

ಅಮಲ್ದಾರರು ನ್ಯಾಯವಂತರು. ಕೆಟ್ಟದ್ದು ನಳಿಗೆಯೋ ಕೀಲೋ, ಅದೊಂದನ್ನು ಹೇಳು ಎಂದರು.

"ಕೀಲು ನಂದು ಸ್ವಾಮಿ. ನಳಿಗೆ ನಾನು ಮುಟ್ಟಿಲ್ಲ. ಸಿಡ್ದಿರೋದ್ನ ಕುಯ್ದು ತಗುದ್ಬುಟ್ಟು ಇಲ್ಲೇ ಗುಂಡು ಆರುಸ್ತೀನಿ. ಕೀಲು ಕೆಟ್ಟಿದ್ರೆ ನನ್ ಮೂತಿ ಓಯ್ತದೆ. ಲೈಸೆನ್ಸು ಆಮೇಲೆ ಕಿತ್ಕಳಿ."

ಹಾಗೇ ಆಯಿತು. ಸಿಡಿದ ತುದಿಯನ್ನು ಗರಗಸದಲ್ಲಿ ಕೊಯ್ದು ಕಚೇರಿಯ ಹಿಂದಿನ ಬಯಲಿಗೆ ಬಂದ. ಒಮ್ಮೆ ಸಿಡಿದ ಉಕ್ಕಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದೆಂದು ಅವನಿಗೆ ಗೊತ್ತಿತ್ತು. ಹಿಡಿ ಕೆನ್ನೆಗೆ ತಾಗಿದಾಗ ತಣ್ಣಗಿತ್ತು. ಕುದುರೆ ಎಳೆದು ಗುಂಡು ಹಾರಿಸಿದ. ಹೊಗೆ ಚದುರಿದ ಮೇಲೆ, ಎಂದಿನಂತೆ ಮುಖ ತಿರುಗಿಸಿ ತೋರಿಸಿದ.

ದೋಷ ನಳಿಗೆಯದು ಎಂದು ತೀರ್ಮಾನವಾಯಿತು. ಅಂಗಡಿ ತೆರೆಯಿತು. ಪೇಟೆಬೀದಿಗೆ ಬೈಯಲು ಯಾರಾದರೂ ಬೇಕಲ್ಲ, ಸಮುದ್ರದಾಚೆಯ ಕಂಪನಿ ಸಿಕ್ಕಿತು. ಬಿಳಿಯರು ಒಳ್ಳೆಯ ಉಕ್ಕನ್ನೆಲ್ಲ ಯುದ್ಧಕ್ಕೆ ಇಟ್ಟುಕೊಂಡು ನಮಗೆ ಕಳಪೆಯದನ್ನು ಕಳಿಸುತ್ತಾರೆ ಎಂದರು. ಆ ಬಂದೂಕು ಯುದ್ಧಕ್ಕೆ ಎಷ್ಟೋ ಮುಂಚೆ ಬಂದದ್ದೆಂದು ಯಾರಿಗೂ ನೆನಪಾಗಲಿಲ್ಲ. ಚಿಕ್ಕಣ್ಣ ಬೆಂಗಳೂರಿನ ಅಂಗಡಿಯವರಿಂದ ಕಂಪನಿಗೆ ದೂರು ಬರೆಸಿ, ಗಿಡ್ಡ ಬಂದೂಕನ್ನೇ ಇಟ್ಟುಕೊಂಡು ಚಿರತೆ ಓಡಿಸುತ್ತ ಕಾಲ ಹಾಕಿದ. ಹೆಣ್ಣು ಮಗು ಹುಟ್ಟಿತು, ಅಂಕಮ್ಮ ಎಂದು ಹೆಸರಿಟ್ಟರು. ಕೊಯ್ದ ನಳಿಗೆಯ ತುಂಡು ದಸ್ತಗೀರನ ಅಂಗಡಿಯ ಮೊಳೆಗೆ ನೇತುಬಿತ್ತು. ಕಂಪನಿಯ ಮೇಲೆ ಸುಳ್ಳು ದೂರು ಹೋಯಿತೆಂದು ಅವನಿಗೆ ಗೊತ್ತಿತ್ತು. ಆದರೆ ಕಂಪನಿ ಅಂದರೆ ಮನುಷ್ಯನಲ್ಲವಲ್ಲ, ಅದಕ್ಕೆ ನೋಯುವ ಮೈ ಎಲ್ಲಿದೆ ಎಂದು ಸಮಾಧಾನ ಹೇಳಿಕೊಂಡಿದ್ದ.

ಯುದ್ಧ ಮುಗಿದ ಮಾರನೆಯ ವರ್ಷ ಚಿಕ್ಕಣ್ಣ ಒಂದು ಉದ್ದನೆಯ ಮರದ ಪೆಟ್ಟಿಗೆ ಹೊತ್ತು ಅಂಗಡಿಗೆ ಬಂದ. ಮುಖ ಊರಗಲವಾಗಿತ್ತು. ಪೆಟ್ಟಿಗೆಯಲ್ಲಿ ಎಣ್ಣೆ ಕಾಗದ ಸುತ್ತಿದ ಹೊಸ ನಳಿಗೆ. ಕಂಪನಿ ಬಿಟ್ಟಿಯಾಗಿ ಕಳಿಸಿತ್ತು, ಜೊತೆಗೆ ಬೆರಳಿನ ವಿಚಾರಕ್ಕೆ ವಿಷಾದವನ್ನೂ ಹೇಳಿತ್ತು.

"ಕೂರ್ಸ್ಕೊಡಿ ಸಾಬ್ರೆ. ಬೆಂಗ್ಳೂರೋರು ಯೋಳಿದ್ರು, ಯಾವ್ ನಳಿಗೆ ಯಾರು ಮಾಡಿದ್ದು ಅಂತ ಕಂಪ್ನೀಲಿ ಎಸ್ರು ಮಡಗಿರ್ತಾರಂತೆ. ನಮ್ದ ಮಾಡಿದ್ನಲ್ಲ, ಆ ಬಡ್ಡೆತ್ತದ್ನ ಇಡ್ಕಂಡು ಇಚಾರುಸ್ತಾವ್ರಂತೆ. ಕೆಲ್ಸ ಓದ್ರೂ ಓಯ್ತಂತೆ ಅವಂದು. ಓಗ್ಲಿ ಅತ್ಲಾಗೆ!"

ದಸ್ತಗೀರ್ ನಳಿಗೆಯನ್ನು ಎತ್ತಿ ಬೆಳಕಿಗೆ ಹಿಡಿದ. ಒಳಗೆ ಕನ್ನಡಿಯ ಹಾಗಿತ್ತು. ಇಂಥ ಕೆಲಸ ಅವನ ಕೈಯಲ್ಲಿ ಆಗುತ್ತಿರಲಿಲ್ಲ, ಅದು ಅವನಿಗೆ ಗೊತ್ತಿತ್ತು. ಅಂಗಡಿ ಮುಚ್ಚಿಸಿದ್ದ ಆ ವಾರ, ಬೀದಿಯವರು ತನ್ನನ್ನು ನೋಡಿದ ರೀತಿ, ಎಲ್ಲ ನೆನಪಾಯಿತು. ತನ್ನ ತಲೆಯಿಂದ ಇಳಿಸಿದ್ದನ್ನು ಯಾರೋ ಒಬ್ಬ ಕೆಲಸಗಾರನ ತಲೆಯ ಮೇಲೆ ಇಟ್ಟಿದ್ದ. ಅವನಿಗೆ ತುಂಬ ನಾಚಿಕೆಯಾಯಿತು.

"ಇದ ಕೂರ್ಸಾಕಿಲ್ಲ" ಎಂದ. "ನಡಿ, ನಿಮ್ಮೂರ್ಗೆ ಬತ್ತೀನಿ."

ಯಾಕೆಂದು ಚಿಕ್ಕಣ್ಣ ಎಷ್ಟು ಕೇಳಿದರೂ ದಾರಿಯಲ್ಲಿ ಬಾಯಿ ಬಿಡಲಿಲ್ಲ. ಮೊಳೆಯಲ್ಲಿದ್ದ ತುಂಡನ್ನು ಚೀಲದಲ್ಲಿ ಹಾಕಿಕೊಂಡಿದ್ದ. ಬಂಡೂರಿನ ಹಟ್ಟಿಯಲ್ಲಿ ಸಣ್ಣತಾಯಮ್ಮನ ಮುಂದೆ ಅದನ್ನು ಇಟ್ಟ.

"ಅಲ್ಲೊಬ್ಬುಂಗೆ ಕೆಲ್ಸ ಓಯ್ತಾ ಅದೆ ಕಣವ್ವ. ನನ್ ಬಾಯಿಂದ ನಾನು ಯೋಳಾಕಿಲ್ಲ. ನೀವೇ ಯೋಳ್ಬೇಕು."

ಮುದುಕಿ ಅಂಗಳದ ಕಡೆ ನೋಡಿದಳು. ಅಂಕಮ್ಮ ಒಂದು ಕುರಿಮರಿಯನ್ನು ಅದರ ಇಷ್ಟಕ್ಕೆ ವಿರುದ್ಧವಾಗಿ ಎತ್ತಿಕೊಂಡು ಏದುಸಿರು ಬಿಡುತ್ತಿದ್ದಳು. ಸಣ್ಣತಾಯಮ್ಮ ಬಾಯಲ್ಲಿದ್ದ ಎಲೆಯಡಿಕೆ ಉಗಿದಳು. ಆಮೇಲೆ ಮಗನಿಗೆ ಎಲ್ಲವನ್ನೂ ಹೇಳಿದಳು. ಬಾಗಿಲ ಹಿಂದೆ ನಿಂತು ಚಿಕ್ಕಬೋರಮ್ಮನೂ ಕೇಳಿಸಿಕೊಂಡಳು.

ಚಿಕ್ಕಣ್ಣ ಎದ್ದು ರೊಪ್ಪದ ಕಡೆ ಹೋದ. ಅಲ್ಲಿ ಯಾವುದೋ ಕುರಿಯನ್ನು ಬೈಯುವುದು ಕೇಳಿಸಿತು. ಹಿಂದಿರುಗಿದಾಗ ಮುಖ ಕೆಂಪಾಗಿತ್ತು.

"ಅವ್ವ, ಒಂದ್ಮಾತು ಯೋಳಿದ್ರೆ ಗೂಡ ಕಿತ್ತಾಕ್ತಿದ್ನಲ್ಲಾ."

"ಅದ್ಕೇ ಕಣ್ಲಾ ಯೋಳ್ಳಿಲ್ಲ."

ಅವನು ತನ್ನ ಕೈ ನೋಡಿಕೊಂಡ. ಮಗಳನ್ನು ನೋಡಿದ. ಕುರಿಮರಿ ತಪ್ಪಿಸಿಕೊಂಡು ಓಡಿತು, ಅವಳು ಅದರ ಹಿಂದೆ ಓಡಿದಳು.

"ಓಗ್ಲಿ ಬುಡು" ಎಂದ. "ಈ ಕೈಯಾಗೂ ಕುರಿ ಇಡೀತೀನಿ. ಈಗೇನ್ ಮಾಡಾದು ಸಾಬ್ರೆ?"

ಹೊಸ ನಳಿಗೆಯನ್ನು ಅದೇ ಎಣ್ಣೆ ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. ಪಕ್ಕದಲ್ಲಿ ಸಿಡಿದ ತುಂಡು. ಗೋಡೆಯ ಗೂಡೊಂದನ್ನು ಸಣ್ಣತಾಯಮ್ಮ ತಾನೇ ಕುಡುಗೋಲಿನ ತುದಿಯಿಂದ ಎಬ್ಬಿಸಿದಳು. ಹುಳ ಎಂದೋ ಹಾರಿಹೋಗಿ ಅದು ಬರಿದಾಗಿತ್ತು. ದಸ್ತಗೀರ್ ಅದನ್ನು ಹತ್ತಿಯಲ್ಲಿ ಸುತ್ತಿ, ಸಿಡಿದ ತುಂಡಿನ ಬಾಯಿಗೇ ಇಟ್ಟ. ಅವನಿಗೆ ಇಂಗ್ಲಿಷ್ ಬಾರದು, ಬೇಕಾದ್ದನ್ನು ಬೆಂಗಳೂರಿನ ಅಂಗಡಿಯವರು ಬರೆದಾರು. ಆದರೆ ನಳಿಗೆ ಮಾಡಿದವನು ಈ ಎರಡನ್ನು ಒಟ್ಟಿಗೆ ನೋಡಿದರೆ ಸಾಕು, ಅವನಿಗೆ ಏನೂ ಹೇಳಬೇಕಾಗಿಲ್ಲ. ಮುಚ್ಚುವ ಮುಂಚೆ ಸಣ್ಣತಾಯಮ್ಮ ಅಭ್ಯಾಸ ಬಲದಿಂದ ಗೂಡಿಗೆ ಕುಂಕುಮ ಹಚ್ಚಿದಳು. ದಸ್ತಗೀರ್ ಬೇಡವೆನ್ನಲಿಲ್ಲ.

ಅಂಕಮ್ಮ ಓಡಿ ಬಂದು ಪೆಟ್ಟಿಗೆಯೊಳಗೆ ಇಣುಕಿ ಗೂಡಿನ ಕಡೆ ಬೆರಳು ತೋರಿಸಿದಳು.

"ಅದ್ಯಾರ್ ಮನೆ ಅಜ್ಜಿ?"

"ನಿಂದೇ ಕಣವ್ವ."

"ಎಲ್ಲಿಗ್ ಓಯ್ತದೆ?"

"ಬಾಳ ದೂರ. ಒಬ್ರ ಕೆಲ್ಸ ಉಳ್ಸಾಕೆ."

ಚಿಕ್ಕಣ್ಣ ಮುಚ್ಚಳ ಇಟ್ಟು, ಬೆರಳು ಹೋದ ಕೈಯಿಂದ ಅದನ್ನು ಒತ್ತಿ ಹಿಡಿದ. ದಸ್ತಗೀರ್ ಮೊಳೆ ಹೊಡೆದ.