ಹನ್ನೊಂದನೇ ಹೋಲ್‌ನ ಕೆಂಪು ಟೀ

2012ರಲ್ಲಿ ನಾನು ನವಿ ಮುಂಬೈಯ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಗಾಲ್ಫ್ ಮ್ಯಾನೇಜರ್ ಆಗಿದ್ದೆ. ಊರು ಕುಂದಾಪುರದ ಹತ್ತಿರ. ಇಪ್ಪತ್ತರ ವಯಸ್ಸಿಗೆ ಕಲ್ಯಾಣದಲ್ಲಿ ಚಿಕ್ಕಪ್ಪನ ಹೋಟೆಲಿನ ಕೌಂಟರಿಗೆ ಬಂದವನು, ಅಲ್ಲಿಂದ ಕ್ಲಬ್ಬಿನ ರಿಸೆಪ್ಷನ್ನಿಗೆ, ಕೊನೆಗೆ ಗಾಲ್ಫ್ ಆಫೀಸಿಗೆ ಸರಿದೆ. ಆಟ ಆಡಿದ್ದು ಕಡಿಮೆ. ಅದರ ನಿಯಮದ ಪುಸ್ತಕವನ್ನು ಮಾತ್ರ ಡೊಂಬಿವಲಿಯಿಂದ ಥಾಣೆಗೆ, ಥಾಣೆಯಿಂದ ನವಿ ಮುಂಬೈಗೆ ಹೋಗುವ ಲೋಕಲ್ ಗಾಡಿಗಳಲ್ಲಿ ನಿಂತುಕೊಂಡೇ ಓದಿ ಮುಗಿಸಿದ್ದೆ. ನಿಯಮದಲ್ಲಿ ಸಂಶಯ ಬಂದರೆ ಕಮಿಟಿಯವರು ನನ್ನನ್ನೇ ಕರೆಸುತ್ತಿದ್ದರು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಗಾಲ್ಫ್ ಗೊತ್ತಿಲ್ಲದವರಿಗಾಗಿ ಎರಡು ಮಾತು. ಮೈದಾನದಲ್ಲಿ ಚೆಂಡು ಬೀಳಿಸಬೇಕಾದ ಹದಿನೆಂಟು ಕುಳಿಗಳು, ಅಂದರೆ ಹೋಲ್‌ಗಳಿರುತ್ತವೆ. ಪ್ರತಿ ಹೋಲ್‌ನ ಮೊದಲ ಹೊಡೆತ ಹೊಡೆಯುವ ಜಾಗಕ್ಕೆ ಟೀ ಎನ್ನುತ್ತಾರೆ. ಒಂದೊಂದು ಹೋಲ್‌ಗೂ ನಮ್ಮಲ್ಲಿ ಮೂರು ಟೀಗಳಿದ್ದವು. ಎಲ್ಲಕ್ಕಿಂತ ಹಿಂದೆ ನೀಲಿ, ಮಧ್ಯದಲ್ಲಿ ಬಿಳಿ, ಮುಂದೆ ಕೆಂಪು. ಗಂಡಸರು ಬಿಳಿಯಿಂದ, ಹೆಂಗಸರು ಕೆಂಪಿನಿಂದ ಆಡುವುದು ವಾಡಿಕೆ. ಒಂದು ಸ್ಪರ್ಧೆಗೆ ಯಾರು ಯಾವ ಟೀಯಿಂದ ಆಡಬೇಕು ಎಂದು ತೀರ್ಮಾನಿಸುವುದು ಕಮಿಟಿ. ಆ ತೀರ್ಮಾನವನ್ನು ನೋಟೀಸ್ ಬೋರ್ಡಿಗೆ ಹಾಕುವುದು, ಬೆಳಗಿನ ಜಾವ ಮಾಲಿಗಳ ಜೊತೆ ಹೋಗಿ ಬಣ್ಣದ ಗುರುತುಗಳನ್ನು ನೆಡಿಸುವುದು ನನ್ನ ಕೆಲಸ.

ನಮ್ಮ ಸದಸ್ಯರಲ್ಲಿ ಕನ್ನಡದವರು ಬೆರಳೆಣಿಕೆಯಷ್ಟು. ಅವರಲ್ಲಿ ಶ್ರೀನಿವಾಸಮೂರ್ತಿ ಮತ್ತು ಅವರ ಹೆಂಡತಿ ಲಲಿತಾ ಇಬ್ಬರೂ ಆಡುತ್ತಿದ್ದರು. ಮೈಸೂರಿನವರು, ಥಾಣೆಯಲ್ಲಿ ಮನೆ. ಮೂರ್ತಿಯವರು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾಗಿದ್ದರು. ಮಕ್ಕಳಿಲ್ಲ. ಪ್ರತಿ ವರ್ಷ ಜನವರಿಯಲ್ಲಿ ನಡೆಯುವ ಮಿಕ್ಸ್‌ಡ್ ಫೋರ್‌ಸಮ್ಸ್ ಸ್ಪರ್ಧೆ ಅವರಿಬ್ಬರಿಗೂ ಹಬ್ಬವಿದ್ದ ಹಾಗೆ. ಒಬ್ಬ ಗಂಡಸು, ಒಬ್ಬ ಹೆಂಗಸು ಸೇರಿ ಒಂದೇ ಚೆಂಡನ್ನು ಸರದಿಯಲ್ಲಿ ಹೊಡೆಯುವ ಆಟ ಅದು. ಒಬ್ಬರು ಬೆಸ ಸಂಖ್ಯೆಯ ಹೋಲ್‌ಗಳನ್ನು ಶುರು ಮಾಡಿದರೆ ಇನ್ನೊಬ್ಬರು ಸಮ ಸಂಖ್ಯೆಯವನ್ನು ಶುರು ಮಾಡಬೇಕು. ಒಂಬತ್ತು ವರ್ಷ ಸತತವಾಗಿ ಆಡಿದ್ದರು. ಒಮ್ಮೆಯೂ ಗೆದ್ದಿರಲಿಲ್ಲ. ಸೋತು ಬಂದ ಮೇಲೂ ಕ್ಯಾಂಟೀನಿನಲ್ಲಿ ಕೂತು ಯಾವ ಹೊಡೆತ ಯಾರ ತಪ್ಪು ಎಂದು ನಗುನಗುತ್ತಾ ಜಗಳವಾಡುತ್ತಿದ್ದರು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮೂರ್ತಿಯವರ ಬಲಗೈ ನಡುಗುವುದು ನನ್ನ ಕಣ್ಣಿಗೂ ಬಿತ್ತು. ಪಾರ್ಕಿನ್‌ಸನ್ ಎಂದು ಅವರೇ ಹೇಳಿದರು. ಕೈಗಿಂತ ಕಾಲಿನ ತೊಂದರೆ ಹೆಚ್ಚು. ನಡೆಯುತ್ತ ನಡೆಯುತ್ತ ಪಾದ ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡುತ್ತದೆ. ಸಪಾಟು ನೆಲದಲ್ಲಿ ಪರವಾಗಿಲ್ಲ, ಮೆಟ್ಟಿಲು ಕಂಡರೆ ಕಷ್ಟ. ನಮ್ಮ ಮೈದಾನ ಗುಡ್ಡದ ಬುಡದಲ್ಲಿತ್ತು. ನಾಲ್ಕನೇ ಮತ್ತು ಹನ್ನೊಂದನೇ ಹೋಲ್‌ಗಳ ಬಿಳಿ ಟೀ ಬಂಡೆಯ ಮೇಲಿದ್ದು, ಕಡಿದು ಮಾಡಿದ ಮೆಟ್ಟಿಲು ಹತ್ತಿ ಹೋಗಬೇಕಿತ್ತು. ಒಂದು ಸಮ, ಒಂದು ಬೆಸ. ಹಾಗಾಗಿ ಸರದಿ ಹೇಗೆ ಹಂಚಿಕೊಂಡರೂ ಒಂದನ್ನಾದರೂ ಅವರೇ ಹತ್ತಬೇಕು. ಕೆಂಪು ಟೀ ಎರಡೂ ಕಡೆ ಕೆಳಗೆ, ದಾರಿಯ ಪಕ್ಕದಲ್ಲೇ ಇತ್ತು.

ಡಿಸೆಂಬರಿನಲ್ಲಿ ಲಲಿತಾ ಅವರು ಟೈಪ್ ಮಾಡಿದ ಒಂದು ಪತ್ರ ತಂದುಕೊಟ್ಟರು. ಮುಂದಿನ ತಿಂಗಳ ಸ್ಪರ್ಧೆಯಲ್ಲಿ ತನ್ನ ಗಂಡನಿಗೂ ಕೆಂಪು ಟೀಯಿಂದ ಆಡಲು ಅನುಮತಿ ಕೊಡಬೇಕು ಎಂದು ಅದರಲ್ಲಿತ್ತು.

"ಶೆಟ್ರೇ, ನಮಗೆ ಬಹುಮಾನ ಬೇಡ. ಲೆಕ್ಕಕ್ಕೆ ತಗೊಳ್ಳದಿದ್ರೂ ಪರವಾಗಿಲ್ಲ. ಆದ್ರೆ ಹೆಸರು ಪಟ್ಟಿಯಲ್ಲಿರಲಿ," ಎಂದರು.

"ನಾನು ಕಮಿಟಿ ಮುಂದೆ ಇಡ್ತೇನೆ ಅಮ್ಮ," ಎಂದೆ.

ಕಮಿಟಿ ಸೇರಿತು. ಆಗ ಕ್ಲಬ್ಬಿನ ಕ್ಯಾಪ್ಟನ್ ದೇಶಮುಖ್ ಎಂಬವರು. ಶಿಸ್ತಿನ ಮನುಷ್ಯ, ಕೆಟ್ಟವರಲ್ಲ. ಪತ್ರ ಓದುತ್ತಿದ್ದ ಹಾಗೆ ಯಾರೋ ಒಬ್ಬರು, "ಗಂಡಸರು ಲೇಡೀಸ್ ಟೀಯಿಂದಾ?" ಎಂದು ನಕ್ಕರು. ಇನ್ನೊಬ್ಬರು, ಇವತ್ತು ಒಬ್ಬರಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಎಂದರು. ನಿಯಮ ಏನು ಹೇಳುತ್ತದೆ ಎಂದು ದೇಶಮುಖ್ ನನ್ನ ಕಡೆ ತಿರುಗಿದರು.

"ಶೆಟ್ಟಿ, ರೂಲ್ ಕ್ಯಾ ಬೋಲ್ತಾ ಹೈ?"

ಇಲ್ಲಿ ರೇಟಿಂಗ್ ಎಂಬ ಮಾತನ್ನು ವಿವರಿಸಬೇಕು. ಯಾವ ಟೀಯಿಂದ ಆಡಿದರೆ ಮೈದಾನ ಎಷ್ಟು ಕಠಿಣ ಎಂಬುದಕ್ಕೆ ಒಂದು ಅಂಕಿ ಇರುತ್ತದೆ, ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಆಟಗಾರರಿಗೆ ಕೊಡುವ ರಿಯಾಯಿತಿ ಹೊಡೆತಗಳ ಲೆಕ್ಕ ಅದರ ಮೇಲೆ ನಿಂತಿದೆ. ನಮ್ಮ ಕೆಂಪು ಟೀಗೆ ಹೆಂಗಸರ ರೇಟಿಂಗ್ ಮಾತ್ರ ಇತ್ತು.

"ಸರ್, ರೆಡ್ ಟೀಗೆ ಗಂಡಸರ ರೇಟಿಂಗ್ ಇಲ್ಲ," ಎಂದೆ.

ಹೇಳಿದ್ದು ಸತ್ಯ. ಆದರೆ ಅದು ಅರ್ಧ ಸತ್ಯ. ಒಂದು ಪತ್ರ ಬರೆದರೆ ರೇಟಿಂಗ್ ತಂಡ ಬಂದು ಅಳೆದು ಕೊಡುತ್ತದೆ, ಅಲ್ಲಿಯವರೆಗೆ ಸ್ಪರ್ಧೆಯ ಷರತ್ತಿನಲ್ಲಿ ಒಂದು ಸಾಲು ಸೇರಿಸಿ ಯಾರನ್ನು ಯಾವ ಟೀಯಿಂದ ಬೇಕಾದರೂ ಆಡಿಸುವ ಅಧಿಕಾರ ಕಮಿಟಿಗೇ ಇದೆ. ಇದು ನನಗೆ ಗೊತ್ತಿತ್ತು. ಬಾಯಿ ತೆರೆಯಲಿಲ್ಲ. ಮಾರ್ಚಿನಲ್ಲಿ ನನ್ನ ಕೆಲಸ ಖಾಯಂ ಮಾಡುವ ವಿಷಯ ಅದೇ ಕಮಿಟಿಯ ಮುಂದೆ ಬರಲಿತ್ತು. ಕೋಣೆಯಲ್ಲಿ ಎಲ್ಲರೂ ಬೇಡ ಎನ್ನುತ್ತಿರುವಾಗ ನಾನೊಬ್ಬ ನೌಕರ ಎದುರು ಮಾತಾಡಬೇಕಾ ಎನಿಸಿತು. "ಮುಂದಿನ ವರ್ಷ ನೋಡೋಣ," ಎಂದು ದೇಶಮುಖ್ ಪತ್ರ ಮಡಚಿದರು. ಎರಡು ನಿಮಿಷವೂ ಹಿಡಿದಿರಲಿಕ್ಕಿಲ್ಲ.

ಮೂರ್ತಿಯವರು ಆದರೂ ಹೆಸರು ಕೊಟ್ಟರು. "ನಿಯಮ ಅಂದ್ಮೇಲೆ ನಿಯಮ ಶೆಟ್ರೇ. ಬ್ಯಾಂಕಲ್ಲಿ ನಾನೂ ಇದನ್ನೇ ಹೇಳ್ಕೊಂಡು ಬಂದೋನು," ಎಂದು ನನ್ನನ್ನೇ ಸಮಾಧಾನ ಮಾಡಿದರು.

ಜನವರಿಯ ಆ ಭಾನುವಾರ ಬೆಳಿಗ್ಗೆ ಚಳಿ ಇತ್ತು. ನಾಲ್ಕನೇ ಹೋಲನ್ನು ಲಲಿತಾ ಶುರು ಮಾಡಿದ್ದರಿಂದ ಅಲ್ಲಿ ತೊಂದರೆ ಬರಲಿಲ್ಲ. ಹತ್ತೂವರೆ ಸುಮಾರಿಗೆ ಮೈದಾನದಲ್ಲಿ ಆಟದ ಮೇಲ್ವಿಚಾರಣೆ ನೋಡುವ ಮಾರ್ಷಲ್ ವಾಕಿಟಾಕಿಯಲ್ಲಿ ಕರೆದ. ಹನ್ನೊಂದನೇ ಹೋಲ್‌ನಲ್ಲಿ ಆಟ ನಿಂತಿದೆ, ಹಿಂದೆ ಮೂರು ಜೋಡಿಗಳು ಕಾಯುತ್ತಿವೆ, ಬನ್ನಿ ಎಂದ. ಮೈದಾನದೊಳಗೆ ಓಡಾಡುವ ಸಣ್ಣ ಗಾಡಿ ಓಡಿಸಿಕೊಂಡು ಹೋದೆ.

ಮೂರ್ತಿಯವರು ಮೊದಲ ಮೆಟ್ಟಿಲಿನ ಎದುರು ನಿಂತಿದ್ದರು. ಒಂದು ಕೈಯಲ್ಲಿ ಗಾಲ್ಫ್ ಕೋಲು, ಇನ್ನೊಂದು ಕೈ ಹೆಂಡತಿಯ ಭುಜದ ಮೇಲೆ. ಪಾದ ಏಳುತ್ತಿರಲಿಲ್ಲ. ಮೈ ಮುಂದಕ್ಕೆ ಬಾಗುತ್ತಿತ್ತು, ಕಾಲು ಮಾತ್ರ ಅಲ್ಲೇ. ಲಲಿತಾ ಮೆಲ್ಲಗೆ, "ಒಂದು, ಎರಡು, ಎತ್ತಿ... ಒಂದು, ಎರಡು, ಎತ್ತಿ," ಎನ್ನುತ್ತಿದ್ದರು. ಅವರ ಆಟದ ಸಾಮಾನು ಹೊರುವ ಕ್ಯಾಡಿ ಪಾಟೀಲ್ ಹಿಂದೆ ಎರಡೂ ಕೈ ಚಾಚಿ ನಿಂತಿದ್ದ. ಕಾಯುತ್ತಿದ್ದವರು ಯಾರೂ ಗಲಾಟೆ ಮಾಡಲಿಲ್ಲ. ಬೇರೆ ಕಡೆ ನೋಡುತ್ತಾ ನಿಂತಿದ್ದರು. ಅದನ್ನು ನೋಡುವುದು ಇನ್ನೂ ಕಷ್ಟವಾಗಿತ್ತು.

"ಮೇಡಂ ಹೊಡೆಯಲಿ ಬಿಡಿ," ಎಂದು ಒಬ್ಬರು ಹೇಳಿದರು. ಅದು ಆಗುವುದಿಲ್ಲ, ಆ ಹೋಲ್ ಶುರು ಮಾಡುವ ಸರದಿ ಮೂರ್ತಿಯವರದು. ಆ ಮಾತನ್ನೂ ನಾನೇ ಹೇಳಬೇಕಾಯಿತು.

ಮೂರ್ತಿಯವರು ಬೆವರಿದ್ದರು. ನನ್ನನ್ನು ನೋಡಿ, ಪಕ್ಕದ ಕೆಂಪು ಗುರುತಿನ ಕಡೆ ಗದ್ದ ತಿರುಗಿಸಿ ಕೇಳಿದರು: "ಮೇಲಿನ ಟೀಗೂ ಇದಕ್ಕೂ ಎಷ್ಟು ದೂರ ಶೆಟ್ರೇ?"

"ನಲವತ್ತೆಂಟು ಗಜ, ಸರ್."

"ಅಷ್ಟೇನಾ?" ಎಂದರು.

ಲಲಿತಾ ಬಗ್ಗಿ ಗಂಡನ ಕೈಯಿಂದ ಕೋಲು ಬಿಡಿಸಿ ಪಾಟೀಲನಿಗೆ ಕೊಟ್ಟರು. "ಸಾಕು. ನಡೀರಿ, ಕಾಫಿ ಕುಡಿಯೋಣ," ಎಂದರು. ಹಿಂತಿರುಗುವಾಗ ಮೂರ್ತಿಯವರ ಕಾಲು ತೊಡಕಿಲ್ಲದೆ ಎದ್ದಿತು. ಸಪಾಟು ದಾರಿಯಲ್ಲಿ ಚೆನ್ನಾಗಿಯೇ ನಡೆದುಕೊಂಡು ಹೋದರು. ಆಮೇಲೆ ಸ್ಕೋರ್ ಬೋರ್ಡಿನಲ್ಲಿ ಅವರಿಬ್ಬರ ಹೆಸರಿನ ಮುಂದೆ 'ಆಟ ಪೂರ್ಣಗೊಳಿಸಿಲ್ಲ' ಎಂದು ಬರೆದದ್ದು ನನ್ನ ಕೈಯೇ.

ಮರುದಿನ ಬೆಳಿಗ್ಗೆ ಆಫೀಸಿಗೆ ಹೋದವನೇ ರೇಟಿಂಗಿಗೆ ಅರ್ಜಿ ಟೈಪ್ ಮಾಡಿ ದೇಶಮುಖ್ ಅವರ ಮುಂದೆ ಇಟ್ಟೆ. ಓದಿ ತಕ್ಷಣ ಸಹಿ ಹಾಕಿದರು. ಪೆನ್ನು ಮುಚ್ಚುತ್ತಾ ತಲೆ ಎತ್ತಿದರು.

"ಇಷ್ಟು ಸುಲಭವಾಗಿತ್ತಾ? ಅವತ್ತೇ ಯಾಕೆ ಹೇಳಲಿಲ್ಲ?"

ಸಹಿಯಾದ ಅರ್ಜಿಯನ್ನು ಎತ್ತಿಕೊಂಡು ಹೊರಬಂದೆ. ಅವರಿಗೆ ಹೆದರಿ ಸುಮ್ಮನಿದ್ದೆ, ಅವರೋ ಹೇಳಿದ್ದರೆ ಕೇಳುವವರೇ ಆಗಿದ್ದರು.

ಮಾರ್ಚಿನಲ್ಲಿ ನನ್ನ ಕೆಲಸ ಖಾಯಂ ಆಯಿತು. ಮನೆಯಲ್ಲಿ ಹೆಂಡತಿ ಪಾಯಸ ಮಾಡಿದಳು. ರೇಟಿಂಗ್ ತಂಡ ಬೇಸಿಗೆ, ಮಳೆಗಾಲ ಎರಡೂ ಕಳೆದ ಮೇಲೆ ಬಂತು. ಡಿಸೆಂಬರಿನಲ್ಲಿ ಹೊಸ ನೋಟೀಸ್ ಸಿದ್ಧವಾಯಿತು: ಮಿಕ್ಸ್‌ಡ್ ಫೋರ್‌ಸಮ್ಸ್‌ನಲ್ಲಿ ಯಾವ ಸದಸ್ಯರಾದರೂ ಬಿಳಿ ಅಥವಾ ಕೆಂಪು ಟೀ ಆರಿಸಿಕೊಳ್ಳಬಹುದು. ಅದರ ಒಂದು ಪ್ರತಿ ಹಿಡಿದು ರಜೆಯ ದಿನ ಥಾಣೆಯ ಅವರ ಮನೆಗೆ ಹೋದೆ. ಆ ಜನವರಿಯ ನಂತರ ಅವರು ಕ್ಲಬ್ಬಿಗೆ ಬಂದಿರಲೇ ಇಲ್ಲ.

ಮೂರ್ತಿಯವರು ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿದ್ದರು. ಕಾಯಿಲೆಯಿಂದ ಮುಖ ಬಿಗಿದುಕೊಂಡಿತ್ತು, ಮಾತು ತೀರಾ ಮೆಲ್ಲಗೆ. ಲಲಿತಾ ಕನ್ನಡಕ ಹಾಕಿಸಿ ಕಾಗದವನ್ನು ಅವರ ಕಣ್ಣೆದುರು ಹಿಡಿದರು. ಎರಡು ಸಲ ಓದಿದರು.

"ರೇಟಿಂಗ್ ಎಷ್ಟು ಬಂತು?"

"ಅರವತ್ತೈದು ಪಾಯಿಂಟ್ ಒಂದು, ಸರ್."

"ಒಳ್ಳೇದಾಯ್ತು. ಬೇರೆಯವರಿಗೆ ಅನುಕೂಲ," ಎಂದರು. ಆಮೇಲೆ, "ಊಟ ಮಾಡ್ಕೊಂಡು ಹೋಗಿ," ಎಂದರು.

ಊಟ ಮುಗಿಸಿ ಹೊರಟಾಗ ಲಲಿತಾ ಲಿಫ್ಟ್‌ವರೆಗೆ ಬಂದರು. ಬಾಗಿಲನ್ನು ಹಿಂದೆ ಎಳೆದುಕೊಂಡು ತಗ್ಗಿದ ದನಿಯಲ್ಲಿ ಕೇಳಿದರು.

"ಶೆಟ್ರೇ, ನಿಜ ಹೇಳಿ. ಇದು ಹೋದ ವರ್ಷಾನೇ ಆಗ್ತಿತ್ತಾ?"

ಸುಳ್ಳು ಹೇಳಬಹುದಿತ್ತು. "ಆಗ್ತಿತ್ತು ಅಮ್ಮ. ನನಗೆ ಗೊತ್ತಿತ್ತು. ಮೀಟಿಂಗಲ್ಲಿ ನಾನು ಹೇಳ್ಲಿಲ್ಲ," ಎಂದೆ.

ಅವರು ಸಿಟ್ಟಾಗಲಿಲ್ಲ. ಗೋಡೆಗೆ ಕೈ ಊರಿ ನಿಂತರು. ಲಿಫ್ಟ್ ಬಂದು, ಕಾದು, ಬೇರೆ ಮಹಡಿಗೆ ಹೋಯಿತು.

"ಅವರಿಗೆ ಮಾತ್ರ ಹೇಳ್ಬೇಡಿ. ನಿಯಮಾನೇ ಹಾಗಿತ್ತು, ಯಾರೇನು ಮಾಡೋಕಾಗುತ್ತೆ ಅಂತ ಸಮಾಧಾನ ಮಾಡ್ಕೊಂಡಿದ್ದಾರೆ," ಎಂದರು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ನಂತರ ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

2014ರ ಮಳೆಗಾಲದಲ್ಲಿ ಮೂರ್ತಿಯವರು ತೀರಿಕೊಂಡರು. ನಾನು ಆ ಕ್ಲಬ್ಬಿನಲ್ಲಿ ಇನ್ನೂ ಐದು ವರ್ಷ ಇದ್ದೆ. ಕೆಂಪು ಟೀಯಿಂದ ಆಡುವ ಗಂಡಸರು ವರ್ಷದಿಂದ ವರ್ಷಕ್ಕೆ ಹೆಚ್ಚಾದರು. ಮೊದಲು ನಕ್ಕವರೂ ವಯಸ್ಸಾದ ಮೇಲೆ ಅಲ್ಲಿಗೇ ಬಂದರು. ನನ್ನಿಂದಾದ ಒಳ್ಳೆಯ ಕೆಲಸ ಎಂದು ಬೀಳ್ಕೊಡುಗೆಯ ದಿನ ಹೊಗಳಿದರು. ನಾನು ಕೈಮುಗಿದು ಕುಳಿತೆ.

ನಿಯಮ ಏನು ಹೇಳುತ್ತದೆ ಎಂದು ಯಾರಾದರೂ ಕೇಳಿದರೆ, ಏನನ್ನು ಬೇಡ ಎನ್ನುತ್ತದೆ ಎಂಬುದನ್ನು ಮಾತ್ರ ಹೇಳಿ ನಿಲ್ಲಿಸಬಾರದು ಎಂಬುದನ್ನು ಆ ಕೆಲಸ ನನಗೆ ಕಲಿಸಿತು. ನಿಯಮದೊಳಗೇ ಇರುವ ದಾರಿಯನ್ನೂ, ಕೇಳದಿದ್ದರೂ, ಅದೇ ಉಸಿರಿನಲ್ಲಿ ಹೇಳಬೇಕು. ಆಮೇಲೆ ಮೀಟಿಂಗುಗಳಲ್ಲಿ ಹಾಗೆಯೇ ಹೇಳುತ್ತಾ ಬಂದೆ. ಕೆಲವರಿಗೆ ಅತಿಯಾಯಿತು ಎನಿಸಿರಬಹುದು. ಲಲಿತಾ ಅವರಿಗೆ ಕೊಟ್ಟ ಮಾತನ್ನು ಮಾತ್ರ ಉಳಿಸಿಕೊಂಡೆ. ಮೂರ್ತಿಯವರಿಗೆ ನಾನು ಕೊನೆಯವರೆಗೂ ಏನನ್ನೂ ಹೇಳಲಿಲ್ಲ.